ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಏಳದಿದ್ದರೆ

ಕಾಸರಗೋಡಿನ ಬದಿಯಡ್ಕ, ಕುಂಬಳೆ, ಮುಳ್ಳೇರಿಯದ ಕಡೆಯ ಎಷ್ಟೋ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳು ಇಂದಿಗೂ ಮಕ್ಕಳ ಪಾಠಕ್ಕೆ, ತೋಟದ ಲೆಕ್ಕಕ್ಕೆ, ಆನ್‌ಲೈನ್ ಅರ್ಜಿಗಳಿಗೆ ಬಳಕೆಯಾಗುತ್ತಿವೆ. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದೊಡನೆ ತೆವಳತೊಡಗುವ ಇಂಥ ಯಂತ್ರಕ್ಕೆ, ಕೆಲಸದ ವೇಳೆ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮರಿ ಪಟ್ಟಿಯಾದ, ಇನ್ನೊಂದು ರ‍್ಯಾಮ್ ಸೇರಿಸುವುದು ಕಡಿಮೆ ಖರ್ಚಿನ ಉಪಾಯವೇ ಸರಿ. ಆದರೆ ಸೇರಿಸಿದ ಮೇಲೆ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಉಳಿಯಬಹುದು, 8 ಜಿಬಿ ತೋರಿಸಬೇಕಾದಲ್ಲಿ 4 ಎಂದೇ ತೋರಿಸಬಹುದು, ಇಲ್ಲವೇ ಕೆಲವು ದಿನ ಸರಿಯಾಗಿ ನಡೆದು ಆಮೇಲೆ ವಿಂಡೋಸ್ ಕೆಲಸ ನಿಲ್ಲಿಸಿ ತೋರಿಸುವ ನೀಲಿ ಪರದೆ ಕಾಣಿಸಿಕೊಳ್ಳಬಹುದು. ಹೊಸ ರ‍್ಯಾಮ್ ಕೆಟ್ಟಿದೆಯೆಂದು ತೀರ್ಮಾನಿಸಿ ಅಂಗಡಿಗೆ ಹೊರಡುವ ಮೊದಲು ಮನೆಯಲ್ಲೇ ನೋಡಬಹುದಾದ ಸಂಗತಿಗಳು ಸಾಕಷ್ಟಿವೆ.

ಪೆಟ್ಟಿಗೆ ತೆರೆಯುವ ಮುನ್ನ

ಕಂಪ್ಯೂಟರನ್ನು ಶಟ್‌ಡೌನ್ ಮಾಡಿದರಷ್ಟೇ ಸಾಲದು. ಆರಿಸಿದ ಮೇಲೂ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತನ್ನು ಮದರ್‌ಬೋರ್ಡಿಗೆ (ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಫಲಕಕ್ಕೆ) ಕೊಡುತ್ತಲೇ ಇರುತ್ತದೆಯಾದ್ದರಿಂದ, ಹಿಂಭಾಗದ ವಿದ್ಯುತ್ ಕೇಬಲನ್ನು ಕಿತ್ತು, ಬಳಿಕ ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನೂ ಹರಿದುಹೋಗಲು ಬಿಡಬೇಕು. ಮನೆಯಲ್ಲಿ ಯುಪಿಎಸ್ ಇದ್ದರೆ, ಗೋಡೆಯ ಸ್ವಿಚ್ ಆರಿಸಿದರೂ ಅದು ಯಂತ್ರಕ್ಕೆ ವಿದ್ಯುತ್ ಒದಗಿಸುತ್ತಿರುತ್ತದೆ ಎಂಬುದನ್ನು ಮರೆಯಬಾರದು. ರ‍್ಯಾಮನ್ನು ಮುಟ್ಟುವ ಮೊದಲು ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನೊಮ್ಮೆ ಮುಟ್ಟಬೇಕು. ನಮ್ಮ ಮಳೆಗಾಲದ ತೇವದಲ್ಲಿ ಸ್ಥಿರ ವಿದ್ಯುತ್ತಿನ ಭಯ ಕಡಿಮೆಯೆನ್ನುವುದು ನಿಜವಾದರೂ ಈ ಅಭ್ಯಾಸಕ್ಕೆ ತಗಲುವುದು ಒಂದು ಕ್ಷಣ ಮಾತ್ರ.

ಸರಿಯಾಗಿ ಕೂತಿದೆಯೇ?

ಪರದೆ ಕಪ್ಪಾಗಿದ್ದರೆ ಮೊದಲ ಅನುಮಾನ ಇಲ್ಲಿಗೇ ಹೋಗಬೇಕು. ಕ್ಯಾಬಿನೆಟನ್ನು ನಿಲ್ಲಿಸಿಯೇ ರ‍್ಯಾಮ್ ಒತ್ತುವವರು ಬಹಳ. ಹಾಗೆ ಮಾಡಿದಾಗ ಬಲ ಓರೆಯಾಗಿ ಬೀಳುತ್ತದೆ. ಮೇಜಿನ ಮೇಲೆ ಅಡ್ಡ ಮಲಗಿಸಿ, ಸ್ಲಾಟಿನ ತುದಿಯ ಕ್ಲಿಪ್ಪುಗಳನ್ನು ಹೊರಕ್ಕೆ ಬಾಗಿಸಿ, ರ‍್ಯಾಮಿನ ಕೆಳಅಂಚಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವುದನ್ನು ನೋಡಿಕೊಂಡು, ಎರಡು ಹೆಬ್ಬೆರಳುಗಳಿಂದ ಎರಡೂ ತುದಿಗಳನ್ನು ಸಮನಾಗಿ ಒತ್ತಬೇಕು. ಕ್ಲಿಪ್ಪುಗಳು ‘ಟಕ್’ ಎಂದು ತಾವಾಗಿ ಒಳಸರಿಯಬೇಕೇ ಹೊರತು ನಾವು ಅವನ್ನು ಬೆರಳಿನಿಂದ ತಳ್ಳಿ ಮುಚ್ಚಬಾರದು. ಕೆಲವು ಬೋರ್ಡುಗಳಲ್ಲಿ ಒಂದೇ ತುದಿಗೆ ಕ್ಲಿಪ್ ಇರುತ್ತದೆ. ಅಲ್ಲಿ ಕ್ಲಿಪ್ ಬಿದ್ದಿದ್ದರೂ ಇನ್ನೊಂದು ತುದಿ ಒಂದು ಕೂದಲೆಳೆಯಷ್ಟು ಮೇಲೆದ್ದಿರಬಹುದು. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದರೆ ಸ್ಲಾಟಿನ ಮೇಲೆ ಕಾಣುವ ಚಿನ್ನದ ಬಣ್ಣದ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಇದ್ದರೆ ಅದು ಓರೆಯಾಗಿ ಕೂತಿದೆ ಎಂದರ್ಥ.

ಹೊಸದನ್ನು ಹಾಕುವ ಗಡಿಬಿಡಿಯಲ್ಲಿ ಪಕ್ಕದ ಹಳೆಯ ರ‍್ಯಾಮ್ ಅಲುಗಾಡುವುದೂ ಉಂಟು. ಆದುದರಿಂದ ಎರಡನ್ನೂ ತೆಗೆದು ಮತ್ತೆ ಕೂರಿಸುವುದು ಒಳ್ಳೆಯದು. ತೆಗೆದಾಗ ಸ್ಲಾಟಿನೊಳಗೆ ನೋಡಿ: ಮುರಕಲ್ಲಿನ ನಾಡಿನ ಕೆಂಪು ಧೂಳು ಅಲ್ಲಿ ತೆಳುವಾಗಿ ಕೂತಿರುತ್ತದೆ, ಕೆಲವೊಮ್ಮೆ ಇರುವೆಯ ಸಂಸಾರವೂ ಇರುತ್ತದೆ. ಒಣಗಿದ ಮೆತ್ತನೆಯ ಬ್ರಷ್ ಸಾಕು. ಬಾಯಿಯಿಂದ ಊದಿದರೆ ಧೂಳಿನೊಂದಿಗೆ ಎಂಜಲಿನ ಹನಿಯೂ ಒಳಗೆ ಹೋಗುತ್ತದೆ. ಹಳೆಯ ರ‍್ಯಾಮಿನ ಸಂಪರ್ಕ ಪಟ್ಟಿಗಳು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲು ಬಿಡದ ಬಟ್ಟೆಯಿಂದ ಒರೆಸಬಹುದು. ಅದು ಸಿಗದಿದ್ದರೆ ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಬಹುದಾದರೂ, ಅದರ ಚೂರು ಒಂದೂ ಉಳಿಯದಂತೆ ಬ್ರಷ್ ಆಡಿಸಿದ ಮೇಲೆಯೇ ಮರಳಿ ಕೂರಿಸಬೇಕು.

ಒಂದೊಂದಾಗಿ ಹಾಕಿ ನೋಡುವುದು

ಆಗಲೂ ಪರದೆ ಬರದಿದ್ದರೆ ಹಳೆಯ ರ‍್ಯಾಮನ್ನು ಮಾತ್ರ ಅದರ ಹಳೆಯ ಸ್ಲಾಟಿನಲ್ಲಿ ಹಾಕಿ ಚಾಲೂ ಮಾಡಿ. ಅದೂ ಏಳದಿದ್ದರೆ ತೊಂದರೆ ರ‍್ಯಾಮಿನದ್ದಲ್ಲದೆಯೂ ಇರಬಹುದು. ಕೈ ಆಡಿಸುವಾಗ ಎಸ್‌ಎಂಪಿಎಸ್ಸಿನಿಂದ ಬೋರ್ಡಿಗೆ ಬರುವ ಪ್ಲಗ್ ಅಥವಾ ಗ್ರಾಫಿಕ್ಸ್ ಕಾರ್ಡ್ ಸಡಿಲಗೊಂಡಿರಬಹುದು. ಯಂತ್ರ ಎದ್ದರೆ, ಅದನ್ನು ಆಫ್ ಮಾಡಿ, ಅದೇ ಸ್ಲಾಟಿಗೆ ಹೊಸದನ್ನು ಮಾತ್ರ ಹಾಕಿ ನೋಡಿ. ಎರಡೂ ಒಂದೊಂದಾಗಿ ಈ ಸ್ಲಾಟಿನಲ್ಲಿ ನಡೆದು ಇನ್ನೊಂದು ಸ್ಲಾಟಿನಲ್ಲಿ ಎರಡೂ ನಡೆಯದಿದ್ದರೆ ಆ ಸ್ಲಾಟನ್ನೇ ಅನುಮಾನಿಸಬೇಕು. ಹೊಸದು ಯಾವ ಸ್ಲಾಟಿನಲ್ಲೂ ನಡೆಯದಿದ್ದರೆ ಅದು ಬೋರ್ಡಿಗೆ ಒಗ್ಗದ್ದು, ಇಲ್ಲವೇ ಕೆಟ್ಟದ್ದು. ಪ್ರತಿ ಸಲವೂ ಕೇಬಲ್ ಕೀಳಲೇಬೇಕು, ಮತ್ತು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಎದ್ದರೂ ಕಾರಣ ತಿಳಿಯುವುದಿಲ್ಲ.

ಬೋರ್ಡಿಗೆ ಸಣ್ಣ ಸ್ಪೀಕರ್ ಇದ್ದರೆ ಇನ್ನೊಂದು ಪರೀಕ್ಷೆಯೂ ಇದೆ. ಎಲ್ಲ ರ‍್ಯಾಮನ್ನೂ ತೆಗೆದು ಚಾಲೂ ಮಾಡಿದಾಗ ಬೀಪ್ ಸದ್ದು ಮತ್ತೆ ಮತ್ತೆ ಕೇಳಿದರೆ ಬೋರ್ಡು ಮತ್ತು ಪ್ರೊಸೆಸರ್ ಎಚ್ಚರವಾಗಿವೆ, ರ‍್ಯಾಮ್ ಇಲ್ಲವೆಂದು ದೂರುತ್ತಿವೆ ಎಂದು ತಿಳಿಯಬಹುದು.

ಇದಾದ ಮೇಲೆ ಬಯಾಸ್ (ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗನ್ನು ಅಳಿಸಿ ನೋಡಬಹುದು. ಕೇಬಲ್ ಕಿತ್ತು, ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಸೆಲ್ಲನ್ನು ಐದು ನಿಮಿಷ ಹೊರತೆಗೆದು ಮರಳಿ ಹಾಕಬೇಕು. ಆಮೇಲೆ ದಿನಾಂಕ ಸರಿಪಡಿಸಲು ಮರೆಯಬೇಡಿ; ದಿನಾಂಕ ಹಿಂದಿದ್ದರೆ ಬ್ಯಾಂಕಿನ ಪುಟಗಳು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬರುತ್ತದೆ. ವಿಂಡೋಸ್ ಅರ್ಧಕ್ಕೆ ಬಂದು ನೀಲಿ ಪರದೆ ತೋರಿಸಿ ಮತ್ತೆ ಮತ್ತೆ ಚಾಲೂ ಆಗುತ್ತಿದ್ದರೆ, ಬಯಾಸಿನಲ್ಲಿ ಸಾಟಾ ಮೋಡ್ (ಹಾರ್ಡ್ ಡಿಸ್ಕಿನೊಡನೆ ವ್ಯವಹರಿಸುವ ವಿಧಾನ) ಎಎಚ್‌ಸಿಐಯಿಂದ ಐಡಿಇಗೆ ಬದಲಾಗಿದೆಯೇ ಎಂದು ನೋಡಿ. ಇದನ್ನು ರ‍್ಯಾಮಿನ ದೋಷವೆಂದು ತಪ್ಪಾಗಿ ತಿಳಿಯುವವರಿದ್ದಾರೆ.

ಡಿಡಿಆರ್5 ಎಂಬ ಹೊಸ ಪೀಳಿಗೆಯ ರ‍್ಯಾಮ್ ಬಳಸುವ ಯಂತ್ರಗಳ ವಿಷಯ ಬೇರೆ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಅವು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುವುದು ಸಹಜ. ಆಗ ಗಾಬರಿಯಿಂದ ವಿದ್ಯುತ್ ಕಡಿಯಬಾರದು.

ಲೇಬಲ್ ಓದುವುದು

ಒಗ್ಗದ ರ‍್ಯಾಮಿನ ಕತೆ ಹಳೆಯ ಯಂತ್ರಗಳಲ್ಲೇ ಹೆಚ್ಚು. ಡಿಡಿಆರ್3ರಲ್ಲಿ 240 ಪಿನ್‌ಗಳು, ಡಿಡಿಆರ್4 ಮತ್ತು ಡಿಡಿಆರ್5ರಲ್ಲಿ 288. ಕಚ್ಚಿನ ಜಾಗವೂ ವೋಲ್ಟೇಜೂ ಬೇರೆ ಬೇರೆ. ಕಚ್ಚು ಹೊಂದದಿದ್ದರೆ ಬಲ ಹಾಕುವ ಪ್ರಶ್ನೆಯೇ ಇಲ್ಲ. ತೊಡಕು ಇರುವುದು ಕಚ್ಚು ಹೊಂದಿಯೂ ನಡೆಯದ ರ‍್ಯಾಮುಗಳಲ್ಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ರ‍್ಯಾಮುಗಳು ಸರ್ವರುಗಳಿಂದ ಕಿತ್ತವು. ಲೇಬಲಿನಲ್ಲಿ ಪಿಸಿ3-12800 ಎಂಬುದರ ಕೊನೆಗೆ ‘ಯು’ ಇದ್ದರೆ ಅದು ಮನೆಯ ಡೆಸ್ಕ್‌ಟಾಪಿನದು, ‘ಆರ್’ ಇದ್ದರೆ ಸರ್ವರಿನದು, ಮನೆಯ ಸಾಮಾನ್ಯ ಬೋರ್ಡಿನಲ್ಲಿ ಅದು ನಡೆಯದು. ಮಾರಾಟದ ವಿವರಣೆಯಲ್ಲಿ ‘ಎಎಂಡಿಗೆ ಮಾತ್ರ’ (ಎಎಂಡಿ, ಇಂಟೆಲಿನಂತೆಯೇ ಇನ್ನೊಂದು ಪ್ರೊಸೆಸರ್ ಕಂಪನಿ) ಎಂದು ಸಣ್ಣದಾಗಿ ಬರೆದಿರುವವು ಇಂಟೆಲ್ ಬೋರ್ಡಿನಲ್ಲಿ ಕೆಲಸ ಮಾಡುವುದಿಲ್ಲ.

ಇಂಟೆಲಿನ ಜಿ41 ಚಿಪ್‌ಸೆಟ್ ಇರುವ ಹಳೆಯ ಬೋರ್ಡುಗಳದ್ದು ಇನ್ನೊಂದು ರಗಳೆ. 4 ಜಿಬಿಯ ಡಿಡಿಆರ್3 ರ‍್ಯಾಮಿನಲ್ಲಿ ಎರಡೂ ಬದಿ ಸೇರಿ 16 ಚಿಪ್ ಇದ್ದರೆ ಈ ಬೋರ್ಡುಗಳು ಅದನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತವೆ; ಅದೇ 4 ಜಿಬಿ ಕೇವಲ 8 ದೊಡ್ಡ ಚಿಪ್ಪುಗಳಲ್ಲಿದ್ದರೆ ಬೋರ್ಡುಗಳಿಗೆ ಓದಲಾಗದು. ಅಂಗಡಿಯವರು ಕೊಟ್ಟ ರ‍್ಯಾಮ್ ಅವರಲ್ಲಿ ನಡೆದು ಮನೆಯಲ್ಲಿ ನಡೆಯದಿರುವುದಕ್ಕೆ ಇದೂ ಒಂದು ಕಾರಣ. ಬೋರ್ಡಿನ ಹೆಸರು ಅದರ ಮೇಲೆಯೇ ಮುದ್ರಿತವಾಗಿರುತ್ತದೆ. ಕೊಳ್ಳುವ ಮೊದಲೇ ಅದರ ಫೋಟೊ ತೆಗೆದಿಟ್ಟುಕೊಂಡರೆ ಈ ಅಧ್ಯಾಯವೇ ಬೇಕಾಗದು.

ಎದ್ದಿತು, ಆದರೆ ಕಡಿಮೆ ತೋರಿಸುತ್ತಿದೆ

ಬಯಾಸಿನಲ್ಲಿ 8 ಜಿಬಿ ತೋರಿಸಿ ವಿಂಡೋಸ್‌ನಲ್ಲಿ 3 ಚಿಲ್ಲರೆ ಮಾತ್ರ ಬಳಕೆಗೆ ಸಿಗುತ್ತಿದ್ದರೆ ಅಲ್ಲಿರುವುದು ಹೆಚ್ಚಾಗಿ 32 ಬಿಟ್ಟಿನ ವಿಂಡೋಸ್. ಮನೆಬಳಕೆಯ ಆ ಆವೃತ್ತಿಗಳು 4 ಜಿಬಿಗಿಂತ ಹೆಚ್ಚನ್ನು ಬಳಸವು, 64 ಬಿಟ್ಟಿನದನ್ನು ಹೊಸದಾಗಿ ಹಾಕಬೇಕಾಗುತ್ತದೆ. 64 ಬಿಟ್ಟೇ ಆಗಿದ್ದರೆ ಎಂಎಸ್‌ಕಾನ್ಫಿಗ್ ಎಂಬ ವಿಂಡೋಸಿನ ಸೆಟ್ಟಿಂಗ್ ಸಾಧನವನ್ನು ತೆರೆದು, ಬೂಟ್ ವಿಭಾಗದ ಅಡ್ವಾನ್ಸ್ಡ್ ಆಯ್ಕೆಗಳಲ್ಲಿ ‘ಮ್ಯಾಕ್ಸಿಮಮ್ ಮೆಮರಿ’ ಎಂಬಲ್ಲಿ ಗುರುತು ಇದ್ದರೆ ತೆಗೆಯಿರಿ. ಒಂದಿಷ್ಟು ಭಾಗ ಬೋರ್ಡಿನ ಗ್ರಾಫಿಕ್ಸಿಗೆ ಮೀಸಲಾಗುವುದರಿಂದ 8ರ ಬದಲು 7.8 ಕಂಡರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಶಾಲೆಗಳಲ್ಲಿ ಬಳಸುವ, ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಸಿದ್ಧಪಡಿಸಿದ, ಉಬುಂಟು (ವಿಂಡೋಸಿಗೆ ಬದಲಿ ಕಾರ್ಯಾಚರಣೆ ವ್ಯವಸ್ಥೆ) ಆಧಾರಿತ ವ್ಯವಸ್ಥೆಯನ್ನೇ ಮನೆಯಲ್ಲೂ ಹಾಕಿಸಿಕೊಂಡವರು ಸಿಸ್ಟಮ್ ಮಾನಿಟರಿನ ರಿಸೋರ್ಸಸ್ ಪುಟದಲ್ಲಿ ಒಟ್ಟು ಮೊತ್ತವನ್ನು ನೋಡಬಹುದು. 1333 ಮತ್ತು 1600ರ ವೇಗದವನ್ನು ಜೊತೆಗೆ ಹಾಕಿದರೆ ಎರಡೂ 1333ರಲ್ಲಿ ಓಡುತ್ತವೆ, ಅದು ದೋಷವಲ್ಲ.

ನಡುವೆ ನೀಲಿ ಪರದೆ ಬಂದರೆ

ಬಯಾಸಿನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಸಾಮಾನ್ಯಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಚಾಲೂ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಆಮೇಲೂ ತೊಂದರೆ ಮುಂದುವರಿದರೆ ವಿಂಡೋಸ್ ಮೆಮರಿ ಡಯಾಗ್ನೊಸ್ಟಿಕ್ ಅಥವಾ, ಅದಕ್ಕಿಂತ ಕಟ್ಟುನಿಟ್ಟಾದ, ಪೆನ್‌ಡ್ರೈವಿನಿಂದ ನಡೆಸುವ ಮೆಮ್‌ಟೆಸ್ಟ್86 ಪರೀಕ್ಷೆಯನ್ನು ಹಚ್ಚಿ ರಾತ್ರಿಯಿಡೀ ಬಿಡಬೇಕು. ಇದು ಹಾರ್ಡ್ ಡಿಸ್ಕಿನ ಕಡತಗಳನ್ನು ಮುಟ್ಟುವುದಿಲ್ಲವಾದ್ದರಿಂದ ನಡುವೆ ಕರೆಂಟು ಹೋದರೂ ಪರೀಕ್ಷೆ ಮತ್ತೆ ಮೊದಲಿನಿಂದ ಆಗಬೇಕಾಗುತ್ತದೆಯೇ ಹೊರತು ಬೇರೆ ನಷ್ಟವಿಲ್ಲ. ಆದರೆ ತುಲಾವರ್ಷದ (ಹಿಂಗಾರು ಮಳೆಯ) ಗುಡುಗು ಸಿಡಿಲಿನ ರಾತ್ರಿಗಳಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಬೇಡ. ಒಂದೇ ಒಂದು ದೋಷ ಕಂಡರೂ ಅದನ್ನು ಸಣ್ಣದೆಂದು ಬಿಡಲಾಗದು. ಆಗ ಎರಡು ರ‍್ಯಾಮುಗಳನ್ನೂ ಬೇರೆ ಬೇರೆಯಾಗಿ, ಒಂದೇ ಸ್ಲಾಟಿನಲ್ಲಿ ಪರೀಕ್ಷಿಸಬೇಕು. ಹೊಸದರ ಜೊತೆಗೆ ಹಳೆಯದೂ ಅಪರಾಧಿಯಾಗಿರುವ ಸಾಧ್ಯತೆ ಇದೆ.

ದೋಷ ಹೊಸದರಲ್ಲೇ ಎಂದು ಖಚಿತವಾದರೆ ಪರೀಕ್ಷೆಯ ಪರದೆಯ ಫೋಟೊ, ಬಿಲ್ಲು, ಬೋರ್ಡಿನ ಹೆಸರು ಇವಿಷ್ಟನ್ನೂ ತೆಗೆದುಕೊಂಡು ಕಾಸರಗೋಡಿಗೋ ಮಂಗಳೂರಿಗೋ, ಎಲ್ಲಿ ಕೊಂಡಿದ್ದೀರೋ ಅಲ್ಲಿಗೆ ಹೋಗಿ. ಹಳೆಯ ರ‍್ಯಾಮನ್ನೂ ಜೊತೆಗೆ ಒಯ್ದರೆ ಅದಕ್ಕೆ ಹೊಂದುವ ಇನ್ನೊಂದನ್ನು ಆರಿಸಲು ಅಂಗಡಿಯವರಿಗೆ ಸುಲಭ. ರ‍್ಯಾಮಿನ ಮೇಲಿನ ವಾರಂಟಿ ಸ್ಟಿಕ್ಕರ್ ಕೀಳಬಾರದು. ಬಸ್ಸಿನಲ್ಲಿ ಹೋಗುವಾಗ ಅದನ್ನು ಬಂದ ಪ್ಯಾಕಿನಲ್ಲೇ ಇಟ್ಟು ಒಯ್ಯಿರಿ, ಕಿಸೆಯಲ್ಲಿ ಬೀಗದ ಕೈಗಳ ಜೊತೆಗಲ್ಲ.