ಹಾಡು ಇರುವಲ್ಲಿಗೆ ಸೈಕಲ್

ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ಏರುವವರು ಈಗ ಕಡಿಮೆಯೇನಿಲ್ಲ. ಗಾಜನೂರಿನವರೆಗೋ ಸಕ್ರೆಬೈಲಿನವರೆಗೋ ಹೋಗಿ, ಕಾಫಿ ಕುಡಿದು, ತುಳಿದ ಕಿಲೋಮೀಟರುಗಳನ್ನು ಮೊಬೈಲಿನಲ್ಲಿ ನೋಡಿಕೊಂಡು ಮರಳುತ್ತಾರೆ. ಆರೋಗ್ಯಕ್ಕೆ ಒಳ್ಳೆಯದು, ನಾನೂ ಹಾಗೆ ತುಳಿದವಳೇ. ಆದರೆ ನಾನು ಕಟ್ಟಿಕೊಂಡ ತಂಡ ದೂರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಡೋ ಭಜನೆಯೋ ವಾದ್ಯವೋ ಇರುವ ಕಡೆಗೆ ಹೊರಡುತ್ತೇವೆ, ಕುಳಿತು ಕೇಳುತ್ತೇವೆ, ಕರೆದರೆ ದನಿಗೂಡಿಸುತ್ತೇವೆ. ಕಾರಿನ ಗಾಜು ಏರಿಸಿ ಕುಳಿತವರಿಗೆ ಊರಿನ ದನಿ ಕೇಳಿಸುವುದಿಲ್ಲ, ಬೈಕಿನವರಿಗೆ ತಮ್ಮ ಎಂಜಿನ್ ಒಂದೇ ಕೇಳಿಸುತ್ತದೆ. ಸೈಕಲ್ಲಿನಲ್ಲಿ ಹೋಗುವವರು ಎಲ್ಲಿ ಕಿವಿಗೆ ಬಿತ್ತೋ ಅಲ್ಲೇ ಕಾಲೂರಿ ನಿಲ್ಲಬಹುದು.

ಮೊದಲು ಸೈಕಲ್ಲುಗಳ ವಿಷಯ. ಗೇರಿನ ಹೊಸ ಸೈಕಲ್ ಕೊಳ್ಳುವ ಶಕ್ತಿ ಇದ್ದವರು ಮಾತ್ರ ಸೇರುವ ತಂಡ ನನಗೆ ಬೇಕಿರಲಿಲ್ಲ. ರಾಜ್ಯ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುತ್ತಿತ್ತು. ಕೊರೊನಾ ಕಾಲದಲ್ಲಿ ಅದು ನಿಂತುಹೋಯಿತು. ಆಗ ಕೊಟ್ಟ ಸೈಕಲ್ಲುಗಳು ಇಂದಿಗೂ ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ, ಹಿತ್ತಿಲಿನ ಮಾಡಿನ ಕೆಳಗೆ ತುಕ್ಕು ಹಿಡಿದು ನಿಂತಿವೆ. ಓದು ಮುಗಿಸಿದ ಮಗಳು ಮದುವೆಯಾಗಿ ಹೋಗಿದ್ದಾಳೆ, ಮಗ ಬೈಕ್ ಕೊಂಡಿದ್ದಾನೆ. ಕೇಳಿದರೆ ಬೇಡ ಎನ್ನುವವರು ಅಪರೂಪ. "ತೆಗೆದುಕೊಂಡು ಹೋಗಿ, ಜಾಗವಾದರೂ ಖಾಲಿಯಾಗುತ್ತದೆ" ಎನ್ನುತ್ತಾರೆ.

ಹಾಗೆ ತಂದವುಗಳಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ಫ್ರೀವೀಲ್, ಅಂದರೆ ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಬಿಲ್ಲೆ. ಒಳಗಿನ ಎಣ್ಣೆ ಒಣಗಿ ಅಂಟಿಕೊಂಡಿರುವುದರಿಂದ ಪೆಡಲ್ ಸುಮ್ಮನೆ ತಿರುಗುತ್ತದೆ, ಚಕ್ರ ಅಲುಗುವುದಿಲ್ಲ. ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಹಾಕಿ, ಒರೆಸಿ, ತೆಳು ಎಣ್ಣೆ ಬಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಟೈರು, ಟ್ಯೂಬು, ಬ್ರೇಕ್ ಕಟ್ಟೆ ಹೊಸದೇ ಬೇಕು. ಆಮೇಲೆ ಬರುವುದು ರಿಮ್ಮಿನ ಬೆಂಡು ತೆಗೆಯುವ ಕೆಲಸ. ಇದನ್ನು ನನಗೆ ಕಲಿಸಿದವರು ನಮ್ಮ ಬಡಾವಣೆಯ ಸೈಕಲ್ ಶಾಪಿನ ಹಿರಿಯರು. ಅವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಒಂದೊಂದೇ ಕಡ್ಡಿಯನ್ನು ಬೆರಳಿನಿಂದ ಮೀಟುತ್ತಾ ಹೋಗುತ್ತಾರೆ. ಬಿಗಿಯಾದ ಕಡ್ಡಿ ಟಿಣ್ ಎನ್ನುತ್ತದೆ, ಸಡಿಲವಾದದ್ದು ಸಪ್ಪೆಯಾಗಿ ಸದ್ದು ಮಾಡುತ್ತದೆ. ಮುಂದಿನ ಚಕ್ರದಲ್ಲಿ ಎರಡೂ ಬದಿಯ ಕಡ್ಡಿಗಳು ಹತ್ತಿರ ಹತ್ತಿರ ಒಂದೇ ದನಿಯಲ್ಲಿ ನುಡಿಯಬೇಕು. ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರುವ ಬದಿಯ ಕಡ್ಡಿಗಳಿಗೆ ಬಿಗಿ ಹೆಚ್ಚು, ಆದ್ದರಿಂದ ಆ ಬದಿ ತುಸು ಮೇಲಿನ ಸ್ವರದಲ್ಲಿರುತ್ತದೆ. ನಮ್ಮ ತಂಡದಲ್ಲಿ ವೀಣೆ ಕಲಿಯುವ ಹುಡುಗಿಯೊಬ್ಬಳಿದ್ದಾಳೆ. ಒಮ್ಮೆ ನೋಡಿದ್ದೇ ತಡ, ಕೀಲಿ ಕೈಗೆ ತೆಗೆದುಕೊಂಡು ಕಡ್ಡಿಗಳ ಶ್ರುತಿ ಸೇರಿಸತೊಡಗಿದಳು. ಶಾಪಿನ ಹಿರಿಯರು ಪಕ್ಕದಲ್ಲಿ ಕುಳಿತು ತಲೆಯಾಡಿಸುತ್ತಿದ್ದರು. ಈಗ ಬೆಂಡು ತೆಗೆಯುವ ಕೆಲಸವೆಲ್ಲ ಅವಳದೇ.

ನಗರದೊಳಗಿನ ನಮ್ಮ ದಾರಿ ಹಾಕಿಕೊಟ್ಟವರು ಪತ್ರಿಕೆ ಹಾಕುವ ಹುಡುಗರು. ಸೈಕಲ್ ಸಂಸ್ಕೃತಿ ಎಂಬ ಮಾತು ಬಂದಾಗ ಅವರನ್ನು ಯಾರೂ ನೆನೆಯುವುದಿಲ್ಲ ಎಂಬುದು ನನ್ನ ಬಹುದಿನದ ಸಂಕಟ. ಮಳೆಯಿರಲಿ ಚಳಿಯಿರಲಿ, ಎಲ್ಲರಿಗಿಂತ ಮೊದಲು ಬೀದಿಗಿಳಿಯುವ ಸೈಕಲ್ ಅವರದು. ನಸುಕಿನಲ್ಲಿ ಅವರು ಪತ್ರಿಕೆ ವಿಂಗಡಿಸುವಲ್ಲಿಗೆ ಹೋಗಿ, ಚಹಾ ಕುಡಿಯುತ್ತಾ ವಿಚಾರಿಸಿದೆ: ಬೆಳಗಿನ ಹೊತ್ತು ಎಲ್ಲೆಲ್ಲಿ ಏನೇನು ಕೇಳಿಸುತ್ತದೆ? ಒಬ್ಬ ಹುಡುಗ ಎಣಿಸತೊಡಗಿದ. "ರವೀಂದ್ರನಗರದಲ್ಲಿ ಒಂದು ಮನೆಯಲ್ಲಿ ಪಿಟೀಲು, ಅಕ್ಕಾ. ದುರ್ಗಿಗುಡಿಯಲ್ಲಿ ಮಹಡಿ ಮೇಲೆ ತಬಲಾ, ಆದರೆ ಅವರು ಶನಿವಾರ ನುಡಿಸುವುದಿಲ್ಲ. ತಿಲಕನಗರದಲ್ಲಿ ಅಜ್ಜಿ ಒಬ್ಬರೇ ಹಾಡಿಕೊಳ್ಳುತ್ತಾರೆ, ನಾನು ಪೇಪರ್ ಎಸೆಯುವುದಿಲ್ಲ, ಮೆಟ್ಟಿಲ ಮೇಲೆ ಇಟ್ಟು ಬರುತ್ತೇನೆ." ಎಸೆದರೆ ಹಾಡು ನಿಲ್ಲುತ್ತದೆ ಎಂಬುದು ಅವನ ಕಾಳಜಿ. ಇಷ್ಟು ನಾಜೂಕಾಗಿ ಊರನ್ನು ಕೇಳಿಸಿಕೊಂಡವರನ್ನು ನಾನು ಸಭಾಂಗಣಗಳಲ್ಲಿಯೂ ಕಂಡಿಲ್ಲ.

ಅವನು ಹೇಳಿದ್ದನ್ನೇ ಹಾಳೆಯ ಮೇಲೆ ಬರೆದು ನಗರದ ಸುತ್ತು ಗೊತ್ತುಮಾಡಿದೆವು. ಮನೆಗಳ ಮುಂದೆ ಗುಂಪು ನಿಲ್ಲುವುದಿಲ್ಲ. ಅಭ್ಯಾಸ ಮಾಡುವವರಿಗೆ ಕಿರುಕುಳವಾಗಬಾರದು. ಬೀದಿಯಲ್ಲಿ ನಿಧಾನವಾಗಿ ಸಾಗುತ್ತೇವೆ, ಅಷ್ಟೇ. ಕುಳಿತು ಕೇಳುವುದು ದೇವಸ್ಥಾನಗಳಲ್ಲಿ. ಅದಕ್ಕೆ ಧನುರ್ಮಾಸದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಸೂರ್ಯೋದಯಕ್ಕೆ ಮುಂಚೆಯೇ ಪೂಜೆ, ಭಜನೆ. ತುಂಗೆಯ ಕಡೆಯಿಂದ ಮಂಜು ಎದ್ದಿರುತ್ತದೆ. ಸೈಕಲ್ಲಿನ ಮುಂದೆ ಹಿಂದೆ ದೀಪವಿಲ್ಲದೆ ಯಾರನ್ನೂ ನಾನು ಹೊರಡಗೊಡುವುದಿಲ್ಲ. ಕೋಟೆ ರಸ್ತೆಯ ಕಡೆಗೆ ಬರುವ ಹೊತ್ತಿಗೆ ಬೆರಳು ಮರಗಟ್ಟಿರುತ್ತವೆ. ಭಜನೆಯ ತಾಳ ಕೈಗೆ ಬಂದರೆ ಅವೂ ಬಿಸಿಯಾಗುತ್ತವೆ. ಕೊನೆಗೆ ದೊನ್ನೆಯಲ್ಲಿ ಬಿಸಿ ಹುಗ್ಗಿ. ಪತ್ರಿಕೆ ಹಂಚಿ ಮುಗಿಸಿದ ಹುಡುಗರು ಆ ಹೊತ್ತಿಗೆ ಬಂದು ಸೇರಿಕೊಳ್ಳುತ್ತಾರೆ.

ಊರಾಚೆಗೆ ಹೋಗುವುದಾದರೆ ನನ್ನ ಮೊದಲ ಆಯ್ಕೆ ಹೊಸಹಳ್ಳಿ. ತುಂಗೆಯ ಒಂದು ದಡದಲ್ಲಿ ಸಂಸ್ಕೃತಕ್ಕೆ ಹೆಸರಾದ ಮತ್ತೂರು, ಇನ್ನೊಂದು ದಡದಲ್ಲಿ ಗಮಕದ ಹೊಸಹಳ್ಳಿ. 2022ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಕೊನೆಯಲ್ಲಿ ನಮ್ಮನ್ನು ಅಗಲಿದ ಗಮಕಿ ಎಚ್.ಆರ್. ಕೇಶವಮೂರ್ತಿ ಇಲ್ಲಿಯವರು. ಗಮಕದಲ್ಲಿ ಮೃದಂಗವಿಲ್ಲ, ತಾಳದ ಕಟ್ಟಿಲ್ಲ. ಪದ್ಯದ ಭಾವಕ್ಕೆ ಒಪ್ಪುವ ರಾಗವನ್ನು ಆರಿಸಿಕೊಂಡು, ಪದ ಮುರಿಯದಂತೆ, ಅರ್ಥ ಕೆಡದಂತೆ ವಾಚಿಸುತ್ತಾರೆ; ಅದರ ಬೆನ್ನಿಗೆ ವ್ಯಾಖ್ಯಾನ. ಹಳಗನ್ನಡ, ನಡುಗನ್ನಡ ಎಂದರೆ ಪರೀಕ್ಷೆಯ ಭಯ ಎನ್ನುವ ಮಕ್ಕಳನ್ನು ಇಂಥ ವಾಚನದ ಮುಂದೆ ಕೂರಿಸಬೇಕು. ಯುದ್ಧದ ಪದ್ಯ ಬಂದಾಗ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ವಾಪಸು ಬರುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಭಾಮಿನಿ ಷಟ್ಪದಿಯನ್ನು ಪೆಡಲಿಗೆ ಹೊಂದಿಸಲು ನೋಡಿದಳು. ಆ ಛಂದಸ್ಸಿನ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು–ನಾಲ್ಕು, ಮೂರು–ನಾಲ್ಕು ಮಾತ್ರೆಗಳ ನಡಿಗೆಯವು. ಒಂದು ತುಳಿತಕ್ಕೆ ಒಂದು ಮಾತ್ರೆ ಎಂದು ಎಣಿಸುತ್ತಾ ಹೋದವಳು ಸ್ವಲ್ಪ ದೂರದಲ್ಲೇ ಕೂಗಿದಳು: "ಅಕ್ಕಾ, ಒಂದು ಸಲ ಎಡಗಾಲಿನಲ್ಲಿ ಶುರುವಾದರೆ ಮುಂದಿನ ಸಲ ಬಲಗಾಲಿನಲ್ಲಿ ಶುರುವಾಗುತ್ತದೆ!" ಏಳು ಬೆಸಸಂಖ್ಯೆ, ಕಾಲು ಎರಡು, ಹಾಗಾಗಲೇಬೇಕು. ಷಟ್ಪದಿಯ ಬಳುಕು ಎಲ್ಲಿಂದ ಬರುತ್ತದೆ ಎಂಬುದನ್ನು ಅವಳು ಕಾಲಿನಿಂದ ತಿಳಿದುಕೊಂಡಳು. ಮೂರನೆಯ ಸಾಲು ಉದ್ದವಾಗಿ ಎಳೆದುಕೊಳ್ಳುವಲ್ಲಿ ಎಲ್ಲರೂ ತುಳಿಯುವುದನ್ನು ಬಿಟ್ಟು ಇಳಿಜಾರಿನಲ್ಲಿ ಜಾರುತ್ತಾ ದನಿಗೂಡಿಸಿದೆವು.

ವಾದ್ಯ ಒಯ್ಯುವ ಬಗ್ಗೆ ಹಲವರು ಕೇಳುತ್ತಾರೆ. ತಾಳ, ದಮ್ಮಡಿ, ಕೊಳಲು ಚೀಲದಲ್ಲಿ ಹೋಗುತ್ತವೆ. ಹಾರ್ಮೋನಿಯಂ ಒಯ್ಯಬೇಕಾದರೆ ಕ್ಯಾರಿಯರ್ ಮೇಲೆ ನಾಲ್ಕು ಮಡಿಕೆಯ ಕಂಬಳಿ ಹಾಸಿ, ಹಳೆಯ ಟ್ಯೂಬ್ ಕತ್ತರಿಸಿದ ಪಟ್ಟಿಯಿಂದ ಬಿಗಿಯಿರಿ. ಹಗ್ಗ ಬೇಡ, ಕುಲುಕಾಟಕ್ಕೆ ರಬ್ಬರ್ ಹಿಗ್ಗುತ್ತದೆ, ಹಗ್ಗ ಹಿಗ್ಗುವುದಿಲ್ಲ. ಮಳೆಗಾಲದಲ್ಲಿ ಚರ್ಮದ ವಾದ್ಯಗಳನ್ನು ಮನೆಯಲ್ಲೇ ಬಿಡುವುದು ಲೇಸು. ಡೊಳ್ಳನ್ನಂತೂ ಸೈಕಲ್ಲಿನಲ್ಲಿ ಒಯ್ಯುವ ಮಾತೇ ಇಲ್ಲ, ಅದರ ಬಳಿಗೆ ನಾವೇ ಹೋಗಬೇಕು.

ದೀಪಾವಳಿಗೆ ನಗರದಲ್ಲಿ ಉಳಿಯುವುದಿಲ್ಲ. ತಂಡದವರೊಬ್ಬರ ತವರು ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆ ದಾಟಿ ಒಳಗಿದೆ. ಮಂಡಗದ್ದೆಗೆ ಸುಮಾರು 30 ಕಿಲೋಮೀಟರ್. ಬೆಳಿಗ್ಗೆ ಹೊರಟು ನಿಧಾನವಾಗಿ ತುಳಿದರೆ ಊಟದ ಹೊತ್ತಿಗೆ ಮನೆ ಸೇರಬಹುದು. ಅಲ್ಲಿಂದ ಮುಂದೆ ಸೈಕಲ್ಲಿಗೆ ಕೆಲಸವಿಲ್ಲ. ರಾತ್ರಿ ಅಂಟಿಗೆ–ಪಂಟಿಗೆಯವರು ಜ್ಯೋತಿ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ನಡೆಯುತ್ತಾರೆ, ನಾವು ಅವರ ಹಿಂದೆ. ಇಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹಿಂದಿರುಗಿಸುತ್ತಾರೆ. ಮನೆಯಾಕೆ ಹೊರಬಂದು ಜ್ಯೋತಿಗೆ ಎಣ್ಣೆ ಎರೆದು, ಅದರಿಂದ ತನ್ನ ದೀಪ ಹಚ್ಚಿಕೊಂಡು, ಅಕ್ಕಿ, ಕಾಯಿ, ಹಣ ಕೊಟ್ಟು ಕಳುಹಿಸುತ್ತಾಳೆ. ಗದ್ದೆಯ ಬದುವಿನ ಮೇಲೆ ಗಾಳಿ ಬೀಸಿದರೆ ಜ್ಯೋತಿ ಹಿಡಿದವರ ಸುತ್ತ ನಾಲ್ಕು ಜನ ಕಂಬಳಿ ಅಡ್ಡ ಹಿಡಿಯುತ್ತಾರೆ, ದೀಪ ಆರಬಾರದು. ಇಲ್ಲಿ ನನ್ನದು ಒಂದೇ ಕಟ್ಟುನಿಟ್ಟು. ಮೊಬೈಲ್ ಚೀಲದಲ್ಲೇ ಇರಬೇಕು. ಕತ್ತಲೆಯಲ್ಲಿ ಒಂದೇ ಜ್ಯೋತಿಯ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಫ್ಲಾಶ್ ಹೊಡೆಯುವುದು ಹಾಡುವವರಿಗೆ ಮಾಡುವ ಅಗೌರವ. ನಿಜವಾಗಿ ಬೇಕೆನಿಸಿದರೆ ಮರುದಿನ ಹಗಲು ಅವರ ಮನೆಗೆ ಹೋಗಿ, ಕೇಳಿ, ಒಪ್ಪಿದರೆ ಹಾಡನ್ನು ಬರೆದುಕೊಳ್ಳಿ. ಹಾಗೆ ಬರೆದುಕೊಂಡ ಒಂದು ನೋಟ್‌ಬುಕ್ ನಮ್ಮಲ್ಲಿದೆ, ಸಂಕೋಚದ ಹುಡುಗರೂ ಅದನ್ನು ನೋಡಿ ಹಾಡುತ್ತಾರೆ.

ಸಾಗುವ ಕ್ರಮ ಸರಳ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರು ಎಲ್ಲರ ಮುಂದೆ. ಬಿ.ಎಚ್. ರಸ್ತೆ, ಸಾಗರ ರಸ್ತೆಯಂಥ ಕಡೆ ಒಬ್ಬರ ಹಿಂದೆ ಒಬ್ಬರು. ಜೋರು ಮಳೆ ಬಂದರೆ ಯಾವುದಾದರೂ ಜಗಲಿ.

ಈಗ ನಾನು ತಲೆ ಕೆಡಿಸಿಕೊಂಡಿರುವುದು ಸಂಜೆಯ ಕಛೇರಿಗಳ ಬಗ್ಗೆ. ರಾಮನವಮಿಗೆ, ಗಣಪತಿ ಹಬ್ಬಕ್ಕೆ ನಗರದಲ್ಲಿ ಒಳ್ಳೆಯ ಸಂಗೀತವಿರುತ್ತದೆ, ಟಿಕೆಟ್ಟೂ ಇರುವುದಿಲ್ಲ. ಆದರೂ ಸೈಕಲ್ಲಿನಲ್ಲಿ ಬರಬೇಕಾದ ಹುಡುಗಿಯರು ಬರುವುದಿಲ್ಲ, ಏಕೆಂದರೆ ಮುಗಿಯುವುದು ಒಂಬತ್ತರ ಮೇಲೆ. ಅದಕ್ಕೆ ಸರದಿ ಮಾಡಿಕೊಂಡಿದ್ದೇವೆ. ವಿನೋಬನಗರದ ಕಡೆಯವರದು ಒಂದು ಸಾಲು, ಗೋಪಾಳದ ಕಡೆಯವರದು ಇನ್ನೊಂದು. ಪ್ರತಿ ಸಾಲಿನಲ್ಲೂ ಇಬ್ಬರು ದೊಡ್ಡವರು ಕೊನೆಯ ಮನೆಯ ಗೇಟಿನವರೆಗೆ ಹೋಗುತ್ತಾರೆ. ತಾಯಂದಿರಿಗೆ ನಾನೇ ಹೋಗಿ ಮಾತು ಕೊಟ್ಟು ಬಂದಿದ್ದೇನೆ. ಅವರಲ್ಲಿ ಕೆಲವರು ಈಗ ಮಗಳ ಜೊತೆ ತಾವೇ ಹೊರಡುತ್ತಾರೆ. ಕಾರ್ಯಕ್ರಮ ಏರ್ಪಡಿಸುವವರಲ್ಲಿ ನನ್ನದೊಂದು ಬೇಡಿಕೆ: ಕಾರುಗಳಿಗೆ ಬಿಟ್ಟ ಜಾಗದಲ್ಲಿ ಒಂದು ಕಾರಿನಷ್ಟನ್ನು, ದೀಪದ ಬೆಳಕು ಬೀಳುವ ಕಡೆ, ಸೈಕಲ್ಲುಗಳಿಗೆ ಬಿಡಿ. ಹತ್ತು ಮಕ್ಕಳು ಬಂದು ಕೇಳುವುದಕ್ಕೆ ಅಷ್ಟು ಜಾಗ ಸಾಕು.