ಒಂಬತ್ತೂವರೆ ವರ್ಷ ತಡವಾಗಿ ಕೋರ್ಟಿಗೆ ಹೋದ ದೊಡ್ಡಪ್ಪನ ವಿಲ್

ದೊಡ್ಡಪ್ಪ ತೀರಿಕೊಂಡದ್ದು 2008ರ ನವೆಂಬರ್‌ನಲ್ಲಿ. ಅವರ ವಿಲ್ ಹಿಡಿದುಕೊಂಡು ನಾನು ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು 2018ರ ಜೂನ್‌ನಲ್ಲಿ. ಈ ಲೆಕ್ಕ ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಮೂರು ವರ್ಷ ದಾಟಿದ್ರೆ ಮುಗೀತು ರೀ. ಸುಮ್ನೆ ದುಡ್ಡು ಹಾಳು."

ದೊಡ್ಡಪ್ಪ ಹುಬ್ಬಳ್ಳಿ ಬಿಟ್ಟು ಮುಂಬೈಗೆ ಹೋಗಿ, ಅಲ್ಲೇ ಕೆಲಸ ಮಾಡಿ, ಮುಲುಂಡ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟ್ ತಗೊಂಡಿದ್ದರು. ಮಕ್ಕಳಿರಲಿಲ್ಲ. 2004ರಲ್ಲಿ ಬಿಳಿ ಹಾಳೆಯ ಮೇಲೆ ವಿಲ್ ಬರೆದರು. ದೊಡ್ಡಮ್ಮ ಬದುಕಿರುವವರೆಗೆ ಫ್ಲ್ಯಾಟಿನಲ್ಲಿರಬೇಕು, ಅವರ ನಂತರ ನನಗೂ ಅತ್ತೆಯ ಮಗಳಿಗೂ ಸಮಪಾಲು. ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವ ಹೊಣೆಗಾರ ಅಂತ ನನ್ನ ಹೆಸರು. ರಿಜಿಸ್ಟರ್ ಮಾಡಿಸಿರಲಿಲ್ಲ. ಅದು ಕಡ್ಡಾಯವೂ ಅಲ್ಲ. ಎರಡು ಸಾಕ್ಷಿ ಸಹಿ ಇತ್ತು. ಒಬ್ಬರು ಅವರ ಡಾಕ್ಟರ್, ಇನ್ನೊಬ್ಬರು ಪಕ್ಕದ ಮನೆಯವರು.

ಅವರು ಹೋದ ಮೇಲೆ ನಾನು ಯಾಕೆ ಸುಮ್ಮನಿದ್ದೆ ಅಂದರೆ, ನನಗೆ ಗೊತ್ತಿದ್ದದ್ದು ಬೆಂಗಳೂರಿನ ರೀತಿ. ನನ್ನ ಅಪ್ಪನ ಸೈಟಿಗೆ ವಿಲ್, ಡೆತ್ ಸರ್ಟಿಫಿಕೇಟ್ ಕೊಟ್ಟು ಖಾತೆ ಬದಲಾಯಿಸಿಕೊಂಡಿದ್ದೆ. ಪ್ರೊಬೇಟ್, ಅಂದರೆ ಈ ವಿಲ್ ಸಾಬೀತಾಗಿದೆ ಅಂತ ಕೋರ್ಟ್ ಸೀಲ್ ಒತ್ತಿ ಕೊಡುವ ಪತ್ರ, ಅನ್ನೋ ಪದ ಯಾರೂ ಎತ್ತಿರಲಿಲ್ಲ. ಮುಂಬೈ ಹಾಗಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರದ್ದು. ಅದರ 57 ಮತ್ತು 213ನೇ ಸೆಕ್ಷನ್ ಸೇರಿಸಿ ಓದಿದರೆ, ಹಿಂದೂಗಳ ವಿಲ್‌ಗೆ ಪ್ರೊಬೇಟ್ ಕಡ್ಡಾಯವಾಗಿದ್ದದ್ದು ಬ್ರಿಟಿಷರ ಹಳೆಯ ಗಡಿಗಳೊಳಗೆ ಮಾತ್ರ: ಬಂಗಾಳ, ಮತ್ತು ಮದ್ರಾಸ್, ಬಾಂಬೆ ಹೈಕೋರ್ಟುಗಳ ಮೂಲ ಸಿವಿಲ್ ವ್ಯಾಪ್ತಿ, ಅಂದರೆ ಸಿವಿಲ್ ಕೇಸುಗಳನ್ನು ಹೈಕೋರ್ಟೇ ನೇರವಾಗಿ ಕೇಳುವ ಪ್ರದೇಶ. ಮುಲುಂಡ್ ಆ ವ್ಯಾಪ್ತಿಯ ಕೊನೆಯ ಊರು. ಚೆಕ್‌ನಾಕಾ ದಾಟಿದರೆ ಠಾಣೆ. ದೊಡ್ಡಪ್ಪ ಎರಡು ಕಿಲೋಮೀಟರ್ ಆಚೆ ಮನೆ ಮಾಡಿ, ಅಲ್ಲೇ ಕೂತು ವಿಲ್ ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ! ಈಗ ಓದುವವರಿಗೆ ಒಂದು ಮಾತು: 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ 213ನೇ ಸೆಕ್ಷನ್ನನ್ನೇ ತೆಗೆದುಹಾಕಿತು. ನಮಗೆ ಆ ಅದೃಷ್ಟ ಇರಲಿಲ್ಲ.

ದೊಡ್ಡಮ್ಮ ನಾಮಿನಿ ಆಗಿದ್ದರಿಂದ 2009ರಲ್ಲಿ ಹೌಸಿಂಗ್ ಸೊಸೈಟಿಯವರು ಫ್ಲ್ಯಾಟಿನ ಶೇರ್ ಸರ್ಟಿಫಿಕೇಟನ್ನು ಅವರ ಹೆಸರಿಗೆ ಮಾಡಿಕೊಟ್ಟರು. ಅಲ್ಲಿಗೆ ಎಲ್ಲರೂ ಮರೆತೆವು. 2017ರ ಜನವರಿಯಲ್ಲಿ ದೊಡ್ಡಮ್ಮ ಹೋದರು. ವಿಲ್ ತೋರಿಸಿ ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಅರ್ಜಿ ಕೊಟ್ಟೆವು. ಆಗಸ್ಟ್‌ನಲ್ಲಿ ಸೊಸೈಟಿಯಿಂದ ನಾಲ್ಕು ಸಾಲಿನ ಪತ್ರ ಬಂತು: ಪ್ರೊಬೇಟ್ ತನ್ನಿ. ಆ ಪತ್ರ ನೋಡಿ ನನಗೆ ಸಿಟ್ಟು ಬಂದಿತ್ತು. ಮುಂದೆ ನಮ್ಮನ್ನು ಕಾಪಾಡಿದ್ದು ಅದೇ ಪತ್ರ.

ಮುಂಬೈನ ಫೋರ್ಟ್ ಪ್ರದೇಶದಲ್ಲಿ ಒಬ್ಬರು ವಕೀಲೆ ಸಿಕ್ಕರು. ಕುಂದಾಪುರದ ಕಡೆಯವರು, ಹಾಗಾಗಿ ಕನ್ನಡದಲ್ಲೇ ಮಾತಾಡಿದೆವು. ಮೊದಲ ಭೇಟಿಯಲ್ಲೇ ಅತ್ತೆಯ ಮಗಳು ಒಂದು ಉಪಾಯ ಹೇಳಿದಳು. "ಮೇಡಂ, ವಿಲ್ ಈಗ ತಾನೇ ಕಪಾಟಿನಲ್ಲಿ ಸಿಕ್ತು ಅಂತ ಬರೆದ್ರೆ ಸಾಕಲ್ವಾ?" ನಿಜ ಹೇಳಬೇಕೆಂದರೆ ನನಗೂ ಅದೇ ಆಸೆ ಇತ್ತು. ವಿಲ್ ಇದ್ದದ್ದೂ ದೊಡ್ಡಮ್ಮನ ಕಪಾಟಿನಲ್ಲೇ. ಆದರೆ ಅದರ ಜೆರಾಕ್ಸ್ 2008ರಿಂದ ನನ್ನ ಫೈಲಿನಲ್ಲಿತ್ತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಕೇಸಲ್ಲಿ ಸುಳ್ಳಿನ ಅಗತ್ಯವೇ ಇಲ್ಲ. ಇರೋ ಸತ್ಯವೇ ಚೆನ್ನಾಗಿದೆ. ಅದನ್ನ ಯಾಕೆ ಹಾಳು ಮಾಡ್ತೀರಿ?"

ಆಮೇಲೆ ಅವರು ಬಿಡಿಸಿ ಹೇಳಿದ್ದು ಇದು. ಪ್ರೊಬೇಟ್ ಅರ್ಜಿಗೆ ಇಷ್ಟೇ ದಿನದೊಳಗೆ ಬನ್ನಿ ಅಂತ ಉತ್ತರಾಧಿಕಾರ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. ಅದರಲ್ಲಿರುವುದು ಉಲ್ಟಾ ಮಿತಿ: ಸತ್ತ ಏಳು ದಿನ ಕಳೆಯುವ ಮೊದಲು ಪ್ರೊಬೇಟ್ ಕೊಡಬಾರದು. ಮೂರು ವರ್ಷ ಅನ್ನೋದು ಬರುವುದು ಕಾಲಮಿತಿ ಹೇಳುವ ಲಿಮಿಟೇಶನ್ ಕಾಯ್ದೆಯ 137ನೇ ವಿಧಿಯಿಂದ. ಬೇರೆಲ್ಲೂ ಅವಧಿ ಹೇಳದ ಅರ್ಜಿಗಳಿಗೆಲ್ಲ ಅದೇ ಗತಿ. ಅದು ಪ್ರೊಬೇಟ್‌ಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಕುನ್ವರ್‌ಜೀತ್ ಸಿಂಗ್ ಖಂಡ್‌ಪುರ್ ಪ್ರಕರಣದಲ್ಲಿ ಹೇಳಿದೆ. ಜನ ಇಷ್ಟನ್ನು ಕೇಳಿಸಿಕೊಂಡು ಹೆದರುತ್ತಾರೆ. ಮೂರು ವರ್ಷ ಯಾವತ್ತಿನಿಂದ ಅಂತ ಕೇಳುವುದೇ ಇಲ್ಲ. 137ನೇ ವಿಧಿಯ ಪ್ರಕಾರ ಎಣಿಕೆ ಶುರುವಾಗುವುದು ಅರ್ಜಿ ಹಾಕುವ ಹಕ್ಕು ಹುಟ್ಟಿದ ದಿನದಿಂದ. ಸಾವಿನ ದಿನವೇ ಆ ಹಕ್ಕು ಹುಟ್ಟಬೇಕು ಅಂತೇನಿಲ್ಲ. ಪ್ರೊಬೇಟ್ ಇಲ್ಲದೆ ಆಗೋದಿಲ್ಲ ಅನ್ನೋ ಸ್ಥಿತಿ ಬಂದಾಗ ಹುಟ್ಟುತ್ತದೆ.

ನಮಗೆ ಆ ಸ್ಥಿತಿ ಬಂದದ್ದು 2017ರ ಆಗಸ್ಟ್‌ನಲ್ಲಿ, ಸೊಸೈಟಿಯ ಪತ್ರದ ಜೊತೆ. ಅಲ್ಲಿಯವರೆಗೆ ದೊಡ್ಡಮ್ಮ ವಿಲ್‌ನಲ್ಲಿ ಹೇಳಿದಂತೆಯೇ ಮನೆಯಲ್ಲಿದ್ದರು. ಯಾರೂ ಅಡ್ಡ ಬಂದಿರಲಿಲ್ಲ. ನನ್ನ ಪಾಲು ನನ್ನ ಕೈಗೆ ಬರುವ ಸಮಯವೇ ಆಗಿರಲಿಲ್ಲ.

"ಹಾಗಂತ ಆರಾಮಾಗಿ ಕೂರಬೇಡಿ," ಅಂದರು ಮೇಡಂ. ಬಾಂಬೆ ಹೈಕೋರ್ಟಿನ ಮೂಲ ವಿಭಾಗದ ನಿಯಮಗಳಲ್ಲಿ ಇನ್ನೊಂದು ಮೂರು ವರ್ಷ ಇದೆ, 382ನೇ ನಿಯಮ. ಇದರ ಎಣಿಕೆ ಮಾತ್ರ ಸಾವಿನ ದಿನದಿಂದಲೇ. ಮೂರು ವರ್ಷದ ನಂತರ ಬಂದರೆ ತಡ ಯಾಕಾಯಿತು ಅಂತ ಅರ್ಜಿಯಲ್ಲೇ ವಿವರಿಸಬೇಕು. ವಿವರಣೆ ಒಪ್ಪಿಗೆಯಾಗದಿದ್ದರೆ ಇನ್ನಷ್ಟು ಪುರಾವೆ ಕೇಳಬಹುದು. ಬಾಗಿಲು ಮುಚ್ಚುವ ನಿಯಮ ಅಲ್ಲ, ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ನಿಯಮ. ಇದೇ ಹೈಕೋರ್ಟ್ 1983ರಲ್ಲಿ ವಾಸುದೇವ್ ದೌಲತ್‌ರಾಮ್ ಸದರಂಗಾನಿ ಪ್ರಕರಣದಲ್ಲಿ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ತಡವಾದಷ್ಟೂ ಅನುಮಾನ ಜಾಸ್ತಿ. ಆದರೆ ಸಹಿ ಮತ್ತು ಸಾಕ್ಷಿ ಸಾಬೀತಾದ ಮೇಲೆ ತಡದ ಮೇಲಿನ ಅನುಮಾನ ನಿಲ್ಲುವುದಿಲ್ಲ.

ತಡದ ವಿವರಣೆಯ ಪ್ಯಾರಾವನ್ನು ನಾನೇ ಮೊದಲು ಕನ್ನಡದಲ್ಲಿ ಬರೆದುಕೊಟ್ಟೆ. "ಕಾನೂನು ಗೊತ್ತಿರಲಿಲ್ಲ" ಅಂತ ಶುರು ಮಾಡಿದ್ದೆ. ಮೇಡಂ ಅದನ್ನು ಹೊಡೆದು ಹಾಕಿದರು. ಅದು ಎಲ್ಲರೂ ಹೇಳುವ ಮಾತು, ಅದಕ್ಕೆ ಕಾಗದದ ಪುರಾವೆ ಇರುವುದಿಲ್ಲ. ನಮ್ಮ ಪ್ಯಾರಾದಲ್ಲಿ ಕೊನೆಗೆ ಉಳಿದದ್ದು ಬರೀ ತಾರೀಖುಗಳು. ಪ್ರತಿ ತಾರೀಖಿಗೂ ಒಂದೊಂದು ಕಾಗದ. 2009ರ ಶೇರ್ ಸರ್ಟಿಫಿಕೇಟ್, ದೊಡ್ಡಮ್ಮನ ಹೆಸರಿನ ಮೇಂಟೆನೆನ್ಸ್ ಬಿಲ್ಲುಗಳು, ಅವರ ಡೆತ್ ಸರ್ಟಿಫಿಕೇಟ್, ನಮ್ಮ ಅರ್ಜಿಯ ಕಾಪಿ, ಸೊಸೈಟಿಯ ಪತ್ರ. ದೊಡ್ಡಮ್ಮ ಬಿಲ್ಲುಗಳನ್ನು ಬಿಸ್ಕೆಟ್ ಡಬ್ಬಿಯಲ್ಲಿ ವರ್ಷವಾರು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಪುಣ್ಯಾತ್ಗಿತ್ತಿ.

ಕಾನೂನಿನ ತಡ ಹೀಗೆ ಬಗೆಹರಿಯಿತು. ಮನುಷ್ಯರ ತಡ ಬಗೆಹರಿಯುವುದು ಕಷ್ಟವಾಯಿತು.

ಪಕ್ಕದ ಮನೆಯವರು ತೀರಿಕೊಂಡು ಆರು ವರ್ಷವಾಗಿತ್ತು. ಉಳಿದವರು ಡಾಕ್ಟರ್ ಒಬ್ಬರೇ. ಎಂಬತ್ತೆರಡು ವಯಸ್ಸು, ಪುಣೆಯಲ್ಲಿ ಮಗನ ಮನೆಯಲ್ಲಿದ್ದರು. ವಿಲ್‌ಗೆ ಎರಡು ಸಾಕ್ಷಿ ಬೇಕು, ಆದರೆ ಕೋರ್ಟಿನಲ್ಲಿ ಸಾಬೀತು ಮಾಡಲು ಅವರಲ್ಲಿ ಒಬ್ಬರು ಮಾತಾಡಿದರೆ ಸಾಕು. ಆ ಒಬ್ಬರೂ ಇಲ್ಲದಿದ್ದರೆ ಕೈಬರಹ, ಸಹಿ ಗುರುತಿಸುವವರನ್ನು ಹುಡುಕಬೇಕು. ಅದು ಬೇರೆಯದೇ ತಲೆನೋವು. ಇನ್ನೊಂದು ಸಮಸ್ಯೆಯೂ ಇತ್ತು. ವಿಲ್‌ನಲ್ಲಿ ದೊಡ್ಡಪ್ಪನ ಸಹಿಯ ಮೊದಲರ್ಧ ನೀಲಿ ಇಂಕು, ಉಳಿದರ್ಧ ಕಪ್ಪು. "ಎರಡು ಬಣ್ಣ, ಒಂಬತ್ತು ವರ್ಷ ತಡ, ಮೇಲೆ ರಿಜಿಸ್ಟರ್ ಆಗಿಲ್ಲ. ಎದುರಾಳಿ ವಕೀಲನಿಗೆ ಹಬ್ಬ," ಅಂದಿದ್ದರು ಮೇಡಂ.

ಪುಣೆಗೆ ಹೋದೆ. ಡಾಕ್ಟರ್ ವಿಲ್‌ನ ಜೆರಾಕ್ಸ್ ಹಿಡಿದು ಬಹಳ ಹೊತ್ತು ನೋಡಿದರು. "ಸಹಿ ನನ್ನದೇ." ಅಷ್ಟು ಸಾಲದು. ಬರೆದವರು ಸಹಿ ಹಾಕಿದ್ದನ್ನು ಇವರು ನೋಡಿರಬೇಕು, ಅಥವಾ ಅವರೇ ಇವರ ಮುಂದೆ ಇದು ನನ್ನ ಸಹಿ ಅಂತ ಒಪ್ಪಿರಬೇಕು. ಇವರು ಸಹಿ ಹಾಕಿದ್ದೂ ಅವರ ಎದುರಿಗೇ ಆಗಿರಬೇಕು. ಅದನ್ನು ಕೇಳಿದೆ. ಅವರಿಗೆ ನೆನಪಾಗಲಿಲ್ಲ. ಚಹಾ ಬಂತು. ನಾನು ಏನೂ ಹೇಳಿಕೊಡಬಾರದು ಅಂತ ಮೇಡಂ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರಿಂದ ಬಾಯಿ ಮುಚ್ಚಿಕೊಂಡು ಕೂತೆ. ನಂತರ ಸುಮ್ಮನೆ ಮೂಲ ವಿಲ್ ತೆಗೆದು ಅವರ ಮುಂದಿಟ್ಟೆ.

ಬಣ್ಣ ನೋಡಿದ ಕೂಡಲೇ ಮುದುಕರು ನಕ್ಕುಬಿಟ್ಟರು. ದೊಡ್ಡಪ್ಪ ಪಕ್ಕದ ಮನೆಯವರನ್ನು ಕರೆದುಕೊಂಡು ಕ್ಲಿನಿಕ್‌ಗೆ ಬಂದಿದ್ದರಂತೆ. ಸಹಿ ಹಾಕುವಾಗ ನಡುವೆ ಪೆನ್ನು ನಿಂತುಹೋಯಿತು. ಡಾಕ್ಟರ್ ತಮ್ಮ ಜೇಬಿನ ಪೆನ್ನು ಕೊಟ್ಟರು. ಮೂವರೂ ಉಳಿದದ್ದನ್ನು ಅದರಲ್ಲೇ ಬರೆದರು. ನೋಡಿದರೆ ಸಾಕ್ಷಿಗಳ ಸಹಿ ಎರಡೂ ಕಪ್ಪು! ಆ ಮಾತೇ ಅವರ ಅಫಿಡವಿಟ್ಟಿನಲ್ಲಿ ಹೋಯಿತು. ಮುಂದಿನ ವರ್ಷ ಅವರಿಗೆ ಮರೆವು ಜಾಸ್ತಿಯಾಯಿತು ಅಂತ ಮಗ ಫೋನಿನಲ್ಲಿ ಹೇಳಿದರು. ನಾನು ಇನ್ನೊಂದು ದೀಪಾವಳಿ ತಡ ಮಾಡಿದ್ದರೂ ಕೈಬರಹ ಗುರುತಿಸುವವರನ್ನೇ ಹುಡುಕಬೇಕಿತ್ತು.

ಇನ್ನು ಉಳಿದದ್ದು ಹುಬ್ಬಳ್ಳಿಯ ಕಾಕಾನ ಮಗ. ವಿಲ್ ಇಲ್ಲದಿದ್ದರೆ ಅವನಿಗೂ ಮೂರರಲ್ಲಿ ಒಂದು ಪಾಲು. ಹಾಗಾಗಿ ಅವನಿಗೆ ತಿಳಿಸಲೇಬೇಕು. ಅವನು ಕೇವಿಯಟ್ ಹಾಕಿ ವಿರೋಧಿಸಿದರೆ ನಮ್ಮ ಅರ್ಜಿ ದಾವೆಯಾಗಿ ಬದಲಾಗುತ್ತದೆ, ಆಮೇಲೆ ಎಷ್ಟು ವರ್ಷವೋ. ಅವನ ಮನೆಗೆ ಹೋಗಿ ಎಲ್ಲ ಕಾಗದ ಹರಡಿದೆ. "ಹತ್ತ ವರ್ಷ ಎಲ್ಲಿಟ್ಟಿದ್ದಿ ಅಣ್ಣಾ ಇದನ್ನ? ನನಗೊಂದ ಮಾತ ಹೇಳಲಿಲ್ಲಲ್ಲ," ಅಂದ. ಅದಕ್ಕೆ ಅರ್ಜಿಯಲ್ಲಿ ಬರೆಯುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ. ಹೇಳಬೇಕಿತ್ತು, ತಪ್ಪಾಯಿತು ಅಂದೆ. ಅವತ್ತು ಸಹಿ ಹಾಕಲಿಲ್ಲ. ಎರಡು ತಿಂಗಳು ಕಾಯಿಸಿ, ನೋಟರಿ ಹತ್ತಿರ ಒಪ್ಪಿಗೆ ಅಫಿಡವಿಟ್ ಮಾಡಿಸಿ ಕೊರಿಯರ್‌ನಲ್ಲಿ ಕಳಿಸಿದ. ಜೊತೆಗೆ ಪತ್ರ ಇರಲಿಲ್ಲ.

ಮಿಕ್ಕದ್ದೆಲ್ಲ ಓಡಾಟ. ಕೋರ್ಟ್ ಫೀ ಮಹಾರಾಷ್ಟ್ರದಲ್ಲಿ ಪ್ರೊಬೇಟ್‌ಗೆ ಗರಿಷ್ಠ 75,000 ರೂಪಾಯಿ, ನಮ್ಮದು ಅಷ್ಟೂ ಆಯಿತು. ರಿಜಿಸ್ಟ್ರಿಯವರು ಆಬ್ಜೆಕ್ಷನ್ ಹಾಕಿದರು, ತೀರಿಸಿದೆವು, ಮತ್ತೆ ಹಾಕಿದರು. ಶೇರ್ ಸರ್ಟಿಫಿಕೇಟಿನಲ್ಲಿ ದೊಡ್ಡಪ್ಪನ ಇನಿಶಿಯಲ್ ಒಂದು ಥರ, ವಿಲ್‌ನಲ್ಲಿ ಇನ್ನೊಂದು ಥರ. ಅದಕ್ಕೂ ಒಂದು ಅಫಿಡವಿಟ್. ತಡದ ಪ್ಯಾರಾಕ್ಕೆ ಮಾತ್ರ ಒಂದೂ ಪ್ರಶ್ನೆ ಬರಲಿಲ್ಲ. ಅಷ್ಟು ನಿದ್ದೆಗೆಟ್ಟದ್ದು ಅದಕ್ಕೇ!

2019ರ ಅಕ್ಟೋಬರ್‌ನಲ್ಲಿ ಪ್ರೊಬೇಟ್ ಕೈಗೆ ಬಂತು. ಮೂಲ ವಿಲ್ ಕೋರ್ಟಿನಲ್ಲೇ ಉಳಿಯಿತು. ನಮಗೆ ಕೊಡುವುದು ಹೈಕೋರ್ಟಿನ ಸೀಲ್ ಒತ್ತಿದ ಪತ್ರ, ಅದಕ್ಕೆ ಲಗತ್ತಿಸಿದ ವಿಲ್‌ನ ನಕಲು. ಆ ನಕಲಿನಲ್ಲಿ ದೊಡ್ಡಪ್ಪನ ಸಹಿ ಪೂರ್ತಿ ಕಪ್ಪಾಗಿ ಬಂದಿದೆ.