ಜರ್ನಲ್‌ಗೆ ಪೇಪರ್ ಕಳಿಸುವ ಮುನ್ನ: ಕಡತ ಸಿದ್ಧಪಡಿಸುವುದು ಹೇಗೆ?

ಸಂಶೋಧನೆ ಮುಗಿದು, ಗೈಡ್ ಒಪ್ಪಿ, ಸಹಲೇಖಕರೆಲ್ಲ ಓದಿದ ಮೇಲೂ ಎಷ್ಟೋ ಪೇಪರ್‌ಗಳು ರಿವ್ಯೂವರ್ (ಪೇಪರ್ ಓದಿ ಮೌಲ್ಯಮಾಪನ ಮಾಡುವ ವಿಷಯತಜ್ಞ) ಕೈಗೆ ಹೋಗದೆ ಸಂಪಾದಕರ ಕಚೇರಿಯಿಂದಲೇ ಹಿಂದಿರುಗುತ್ತವೆ. ವಿಷಯ ಜರ್ನಲ್‌ನ ವ್ಯಾಪ್ತಿಗೆ ಸೇರದಿರುವುದು ಒಂದು ಕಾರಣ. ಕಡತವನ್ನು ಅಚ್ಚಾದ ಪುಟದಂತೆ ಕಾಣಿಸಲು ಹೊರಡುವುದು ಇನ್ನೊಂದು. ಎರಡು ಅಂಕಣ ಮಾಡಿ, ಚಿತ್ರಗಳನ್ನು ನಡುವೆ ಕೂರಿಸಿ, ಅಕ್ಷರ ಚಿಕ್ಕದು ಮಾಡಿ ಕಳಿಸುವವರು ಬಹಳ ಮಂದಿ. ಪುಟ ವಿನ್ಯಾಸ ಪ್ರಕಾಶಕರ ಕೆಲಸ. ನೀವು ಕಳಿಸಬೇಕಾದದ್ದು ಬೇರೊಬ್ಬರು ಸಾಲು ಸಾಲಿಗೂ ಗುರುತು ಹಾಕಿಕೊಂಡು ಓದುವಂಥ ಪ್ರತಿ.

ಮೊದಲು ಜರ್ನಲ್ ಗೊತ್ತುಮಾಡಿ

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ. ಹಾಗಾಗಿ ಜರ್ನಲ್ ಅಸಲಿಯೇ ಎಂದು ನೋಡುವ ಹೊಣೆ ಈಗ ಸಂಶೋಧಕರ ಮತ್ತು ಅವರ ಸಂಸ್ಥೆಯ ಮೇಲಿದೆ. ಐಎಸ್‌ಎಸ್‌ಎನ್ ಇದ್ದರೆ ಸಾಕು ಎಂದುಕೊಳ್ಳಬೇಡಿ. ಅದು ಎಂಟು ಅಂಕಿಗಳ ಗುರುತಿನ ಸಂಖ್ಯೆ ಅಷ್ಟೇ, ಗುಣಮಟ್ಟದ ಮುದ್ರೆ ಅಲ್ಲ. ಸಂಶೋಧನಾ ಜರ್ನಲ್‌ಗಳ ಸೂಚಿಯಾದ ಸ್ಕೋಪಸ್‌ನಲ್ಲಿ ಇದೆ ಎಂದು ಜರ್ನಲ್ ಹೇಳಿಕೊಂಡಿದ್ದರೆ ಸ್ಕೋಪಸ್‌ನ ಸ್ವಂತ ತಾಣದಲ್ಲಿ ಹುಡುಕಿ. ಓದುಗರಿಗೆ ಉಚಿತವಾಗಿ ತೆರೆದಿರುವ ಜರ್ನಲ್ ಆಗಿದ್ದರೆ ಅಂಥ ಮುಕ್ತ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲೂ ನೋಡಿ. ಹೆಸರುವಾಸಿ ಜರ್ನಲ್‌ಗಳ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ನಡೆಸುವ ನಕಲಿ ತಾಣಗಳಿವೆ. ಇಮೇಲ್‌ನಲ್ಲಿ ಬಂದ ಕೊಂಡಿ ಒತ್ತಿ ಪೇಪರ್ ಕಳಿಸಲೇಬೇಡಿ.

ಜರ್ನಲ್ ಗೊತ್ತಾದ ಮೇಲೆ ‘ಲೇಖಕರಿಗೆ ಸೂಚನೆ’ ಪುಟವನ್ನು ಪ್ರಿಂಟ್ ತೆಗೆದುಕೊಂಡು ಐದು ಸಂಗತಿಗಳಿಗೆ ಅಡಿಗೆರೆ ಎಳೆಯಿರಿ: ಒಟ್ಟು ಪದಮಿತಿ, ಸಾರಾಂಶದ ಪದಮಿತಿ, ಉಲ್ಲೇಖದ ಶೈಲಿ, ಚಿತ್ರದ ನಮೂನೆ, ಲೇಖಕರ ಹೆಸರು ರಿವ್ಯೂವರ್‌ಗೆ ಕಾಣಬೇಕೇ ಬಾರದೇ ಎಂಬುದು. ಎಲ್ಸ್‌ವಿಯರ್ ಪ್ರಕಾಶನದ ಹಲವು ಜರ್ನಲ್‌ಗಳು ಮೊದಲ ಸಲ ಕಳಿಸುವಾಗ ಶೈಲಿಯ ಕಟ್ಟುಪಾಡು ಹಾಕುವುದಿಲ್ಲ. ಅಂಥ ಕಡೆ ಉಲ್ಲೇಖಗಳ ಅಲ್ಪವಿರಾಮ ಸರಿಮಾಡುತ್ತ ವಾರಗಟ್ಟಲೆ ಕೂರಬೇಕಿಲ್ಲ.

ವರ್ಡ್ ಕಡತ

ಬೇರೆ ಸೂಚನೆ ಇಲ್ಲದಿದ್ದರೆ ಒಂದೇ ಅಂಕಣ, 12 ಪಾಯಿಂಟ್ ಅಕ್ಷರ, ಎರಡು ಪಟ್ಟು ಸಾಲಂತರ, ಸುತ್ತ 2.5 ಸೆಂ.ಮೀ. ಅಂಚು ಇಡಿ. ‘ಲೇಔಟ್’ ಟ್ಯಾಬ್‌ನ ‘ಲೈನ್ ನಂಬರ್ಸ್’ನಲ್ಲಿ ‘ಕಂಟಿನ್ಯುಯಸ್’ ಆರಿಸಿ. ಪುಟಪುಟಕ್ಕೂ ಒಂದರಿಂದ ಶುರುವಾಗುವ ಸಾಲುಸಂಖ್ಯೆ ಇದ್ದರೆ ‘ಸಾಲು 14’ ಎಂದು ರಿವ್ಯೂವರ್ ಬರೆದದ್ದು ಯಾವ ಪುಟದ್ದೆಂದು ಯಾರಿಗೂ ತಿಳಿಯುವುದಿಲ್ಲ. ಶೀರ್ಷಿಕೆಗಳನ್ನು ಕೈಯಾರೆ ದಪ್ಪ ಮಾಡುವ ಬದಲು ‘ಹೆಡಿಂಗ್’ ಸ್ಟೈಲ್ ಬಳಸಿ. ಕೋಷ್ಟಕವನ್ನು ವರ್ಡ್‌ನ ಟೇಬಲ್ ಸಾಧನದಲ್ಲೇ ಮಾಡಿ. ಸ್ಪೇಸ್, ಟ್ಯಾಬ್ ಒತ್ತಿ ಜೋಡಿಸಿದ ಕೋಷ್ಟಕ ಬೇರೆ ಕಂಪ್ಯೂಟರ್‌ನಲ್ಲಿ ತೆರೆದ ಕೂಡಲೇ ಚದುರುತ್ತದೆ.

ಅಂಕಿಗಳ ವಿಷಯದಲ್ಲಿ ನಮ್ಮಲ್ಲಿ ಪದೇ ಪದೇ ಆಗುವ ತಪ್ಪು ಎರಡು. ಇಳುವರಿಯನ್ನು ಎಕರೆಗೆ ಇಷ್ಟು ಕ್ವಿಂಟಾಲ್ ಎಂದೇ ಬಿಡುವುದು ಒಂದು. ಅಂತರರಾಷ್ಟ್ರೀಯ ಜರ್ನಲ್‌ಗೆ ಹೆಕ್ಟೇರಿಗೆ ಕಿಲೋ ಬೇಕು. ಎಕರೆಗೆ 10 ಕ್ವಿಂಟಾಲ್ ರಾಗಿ ಎಂದರೆ ಹೆಕ್ಟೇರಿಗೆ ಸುಮಾರು 2,471 ಕಿಲೋ. ಸಂಖ್ಯಾಶಾಸ್ತ್ರದ ತಂತ್ರಾಂಶ ಎಸ್‌ಪಿಎಸ್‌ಎಸ್ ಪಿ ಬೆಲೆಯಾಗಿ (ಫಲಿತಾಂಶ ಬರೀ ಆಕಸ್ಮಿಕವೇ ಎಂದು ಅಳೆಯಲು ಬಳಸುವ ಸಂಖ್ಯೆ) ತೋರಿಸುವ ‘0.000’ವನ್ನು ಹಾಗೇ ಇಳಿಸುವುದು ಇನ್ನೊಂದು. ಪಿ ಬೆಲೆ ಸೊನ್ನೆ ಆಗಿರುವುದಿಲ್ಲ. ತಂತ್ರಾಂಶ ಮೂರು ದಶಮಾಂಶಕ್ಕೆ ದುಂಡಾಗಿಸಿ ತೋರಿಸಿದೆ ಅಷ್ಟೇ. ಅದನ್ನು ‘0.001ಕ್ಕಿಂತ ಕಡಿಮೆ’ ಎಂದು ಬರೆಯಬೇಕು. ‘±’ ಚಿಹ್ನೆಯ ಮುಂದಿರುವುದು ಪ್ರಮಾಣ ವಿಚಲನೆಯೋ (ಸ್ಟ್ಯಾಂಡರ್ಡ್ ಡೀವಿಯೇಷನ್) ಪ್ರಮಾಣ ದೋಷವೋ (ಸ್ಟ್ಯಾಂಡರ್ಡ್ ಎರರ್) ಎಂದು ಕೋಷ್ಟಕದ ಕೆಳಗೆ ಹೇಳಿ.

ಕನ್ನಡ ಪಠ್ಯ ಇದ್ದರೆ

ಜಾನಪದ, ಶಾಸನ, ಭಾಷಾಶಾಸ್ತ್ರದ ಪೇಪರ್‌ಗಳು ಹೆಚ್ಚು ಕೆಡುವುದು ಇಲ್ಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರ್‌ನ ಮಟ್ಟಿಗೆ ಕನ್ನಡವೇ ಅಲ್ಲ. ರೋಮನ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಬರೀ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹುಡುಕಾಟಕ್ಕೂ ಕೃತಿಚೌರ್ಯ ಪತ್ತೆಯ ತಂತ್ರಾಂಶಕ್ಕೂ ಅದು ಓದಲು ಬರುವುದಿಲ್ಲ. ಆದ್ದರಿಂದ ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿಯೇ ಕಳಿಸಿ.

ಪರಿವರ್ತಿಸಿದ ಮೇಲೆ ಮೂಲದೊಂದಿಗೆ ಸಾಲು ಸಾಲು ತಾಳೆ ನೋಡಲೇಬೇಕು. ಪರಿವರ್ತಕಕ್ಕೆ ಇಡೀ ಕಡತ ಕೊಟ್ಟರೆ ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡ ಅಕ್ಷರಗಳ ಗೊಂದಲವಾಗುತ್ತವೆ. ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ವಿಶೇಷವಾಗಿ ಗಮನಿಸಿ. ಇನ್ನೊಂದು ದೋಷ ಕಣ್ಣಿಗೆ ಕಾಣುವುದೇ ಇಲ್ಲ: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ‘ಪಂಪ’ ಮತ್ತು ‘ಪ೦ಪ’ ನೋಡಲು ಒಂದೇ. ಎರಡನೆಯದರಲ್ಲಿ ಇರುವುದು ಅಂಕಿ. ಓದುಗ ‘ಪಂಪ’ ಎಂದು ಹುಡುಕಿದರೆ ನಿಮ್ಮ ಪೇಪರ್ ಸಿಗುವುದಿಲ್ಲ. ‘ಫೈಂಡ್’ನಲ್ಲಿ ‘೦’ ಕೊಟ್ಟು ಒಂದೊಂದನ್ನೂ ನೋಡಿ ಬದಲಿಸಿ. ಒಂದೇ ಏಟಿಗೆ ‘ರಿಪ್ಲೇಸ್ ಆಲ್’ ಒತ್ತಿದರೆ ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳು ಹಾಳಾಗುತ್ತವೆ.

ಇಂಗ್ಲಿಷ್ ಪೇಪರ್‌ನಲ್ಲಿ ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ಕೊಡುವಾಗ ಐಎಸ್‌ಒ 15919 ಪದ್ಧತಿ ನಮಗೆ ಹೊಂದುತ್ತದೆ. ಎ–ಏ, ಒ–ಓ ಹ್ರಸ್ವ ದೀರ್ಘಗಳ ವ್ಯತ್ಯಾಸ ಅದರಲ್ಲಿ ಉಳಿಯುತ್ತದೆ. ಸಂಸ್ಕೃತಕ್ಕೆಂದು ರೂಢಿಯಾದ ಪದ್ಧತಿಯನ್ನು ಹಾಗೇ ತಂದರೆ ಈ ಭೇದ ಅಳಿಸಿಹೋಗುತ್ತದೆ. ಯಾವ ಪದ್ಧತಿ ಎಂಬುದನ್ನು ಮೊದಲ ಅಡಿಟಿಪ್ಪಣಿಯಲ್ಲೇ ತಿಳಿಸಿ.

ಚಿತ್ರಗಳು

ಫೋಟೊಗೆ ಸಾಮಾನ್ಯವಾಗಿ 300 ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ), ರೇಖಾಚಿತ್ರಕ್ಕೆ 600ರಿಂದ 1200 ಕೇಳುತ್ತಾರೆ. ಇದು ಅಚ್ಚಾಗುವ ಅಳತೆಯಲ್ಲಿ ಇರಬೇಕಾದ ಸಾಂದ್ರತೆ. ಒಂದು ಅಂಕಣದ ಅಗಲ 8.5 ಸೆಂ.ಮೀ. ಆದರೆ 300 ಡಿಪಿಐಗೆ ಅಗಲದಲ್ಲಿ ಸುಮಾರು 1,004 ಪಿಕ್ಸೆಲ್ ಬೇಕು, 600ಕ್ಕೆ 2,008. ಇರುವುದೇ 500 ಪಿಕ್ಸೆಲ್ ಆಗಿದ್ದರೆ ಫೋಟೊಶಾಪ್‌ನಲ್ಲಿ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ. ಹೊಸ ವಿವರ ಎಲ್ಲಿಂದಲೂ ಬರುವುದಿಲ್ಲ. ಗ್ರಾಫನ್ನು ಮೂಲ ತಂತ್ರಾಂಶದಿಂದಲೇ, ಬೇಕಾದ ಅಗಲ ಕೊಟ್ಟು, ಪಿಡಿಎಫ್ ಇಲ್ಲವೇ ಟಿಫ್ ಆಗಿ ಮತ್ತೆ ತೆಗೆಯಿರಿ. ಆ ಅಗಲದಲ್ಲಿ ಅಕ್ಷಗಳ ಮೇಲಿನ ಅಕ್ಷರ 8 ಪಾಯಿಂಟ್‌ನಷ್ಟಾದರೂ ಇರಲಿ.

ಚಿತ್ರ ಮಸುಕಾಗಲು ಬಹಳ ಸಲ ಕಾರಣ ದಾರಿಯಲ್ಲಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಿ. ವರ್ಡ್ ಕೂಡ ಕಡತ ಉಳಿಸುವಾಗ ಚಿತ್ರವನ್ನು ಕುಗ್ಗಿಸಬಲ್ಲದು. ‘ಆಪ್ಷನ್ಸ್’, ‘ಅಡ್ವಾನ್ಸ್ಡ್’ ಒಳಗೆ ಚಿತ್ರ ಕುಗ್ಗಿಸಬೇಡ ಎಂಬ ಆಯ್ಕೆಗೆ ಟಿಕ್ ಹಾಕಿ, ಚಿತ್ರಗಳನ್ನು ಪ್ರತ್ಯೇಕ ಕಡತಗಳಾಗಿಯೂ ಇಟ್ಟುಕೊಳ್ಳಿ. ಸೂಕ್ಷ್ಮದರ್ಶಕದ ಚಿತ್ರಕ್ಕೆ ‘400 ಪಟ್ಟು’ ಎಂದರೆ ಸಾಲದು. ಪುಟದಲ್ಲಿ ಅಳತೆ ಬದಲಾದಾಗ ಆ ಮಾತು ಸುಳ್ಳಾಗುತ್ತದೆ, ಚಿತ್ರದೊಳಗಿನ ಅಳತೆಪಟ್ಟಿ ಸುಳ್ಳಾಗುವುದಿಲ್ಲ. ಬೆಳಕನ್ನು ಹೆಚ್ಚು ಕಡಿಮೆ ಮಾಡುವುದಿದ್ದರೆ ಇಡೀ ಚಿತ್ರಕ್ಕೆ ಒಂದೇ ಸಮ ಮಾಡಿ. ಒಂದು ಭಾಗವನ್ನಷ್ಟೇ ತಿದ್ದಿದರೆ ಅದು ಫಲಿತಾಂಶ ತಿರುಚಿದಂತೆ.

ಹೆಸರು ಮತ್ತು ಉಲ್ಲೇಖ

‘ಸುನೀತಾ ಎಚ್. ಎಂ.’ ಎಂದು ನಮೂದಿಸಿದರೆ ಕೊನೆಯ ‘ಎಂ’ ಅನ್ನೇ ಕುಲನಾಮ ಎಂದು ಸ್ಕೋಪಸ್‌ನಂಥ ಸೂಚಿಗಳು ಹಿಡಿಯಬಹುದು. ಆಗ ಒಬ್ಬರ ಬರಹಗಳು ಎರಡು ಮೂರು ಹೆಸರಲ್ಲಿ ಹಂಚಿಹೋಗುತ್ತವೆ. ಮೊದಲ ಪೇಪರ್‌ಗೇ ಒಂದು ರೂಪ ಗಟ್ಟಿ ಮಾಡಿ, ಉಚಿತವಾಗಿ ಸಿಗುವ 16 ಅಂಕಿಯ ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ) ಪಡೆಯಿರಿ.

ಉಲ್ಲೇಖಗಳನ್ನು ಜೋಡಿಸಲು ಜೊಟೆರೊ ತಂತ್ರಾಂಶ ಸಾಕು, ಹಣ ಕೊಡಬೇಕಿಲ್ಲ. ಆದರೆ ಅದು ತಾನಾಗಿ ಎತ್ತಿಕೊಂಡ ವಿವರವನ್ನು ನಂಬಿ ಕೂರಬೇಡಿ. ಸಂಪುಟ, ಪುಟಸಂಖ್ಯೆ ಬಿಟ್ಟುಹೋಗಿರುತ್ತವೆ. ಪ್ರತಿ ಡಿಒಐಯನ್ನೂ (ಲೇಖನದ ಶಾಶ್ವತ ಅಂತರ್ಜಾಲ ಗುರುತು) ತೆರೆದು ನೋಡಿ. ಚಾಟ್‌ಬಾಟ್ ಕೊಟ್ಟ ಉಲ್ಲೇಖವಂತೂ ಮೂಲವನ್ನು ಕಣ್ಣಾರೆ ಕಾಣದೆ ಸೇರಿಸಬಾರದು, ಇಲ್ಲದ ಲೇಖನಗಳನ್ನು ಅವು ಸೃಷ್ಟಿಸುತ್ತವೆ.

ಹೆಸರು ಮರೆಸುವುದು

ಲೇಖಕರು, ರಿವ್ಯೂವರ್ ಯಾರೆಂದು ಪರಸ್ಪರ ಗೊತ್ತಾಗಬಾರದೆಂಬ ನಿಯಮ ಇದ್ದರೆ ಶೀರ್ಷಿಕೆ ಪುಟ ಬೇರೆ ಕಡತದಲ್ಲಿರಬೇಕು. ಕೃತಜ್ಞತೆ, ಅನುದಾನದ ಸಂಖ್ಯೆ, ಅಧ್ಯಯನಕ್ಕೆ ಅನುಮತಿ ಕೊಟ್ಟ ನೈತಿಕ ಸಮಿತಿ ಯಾವ ಸಂಸ್ಥೆಯದು ಎಂಬುದು ಅಲ್ಲಿಗೇ ಹೋಗಲಿ. ‘ನಮ್ಮ ಹಿಂದಿನ ಅಧ್ಯಯನದಲ್ಲಿ’ ಎಂಬಂಥ ಮಾತನ್ನು ಮೂರನೆಯವರ ಕೆಲಸದಂತೆ ತಿದ್ದಿ ಬರೆಯಿರಿ. ಕಡೆಗೆ ‘ಫೈಲ್’, ‘ಇನ್ಫೊ’ ಒಳಗಿನ ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ನಡೆಸಿ, ಕಡತದೊಳಗೆ ಅಡಗಿರುವ ಲೇಖಕರ ಹೆಸರು, ಗೈಡ್ ಬರೆದ ಕಾಮೆಂಟ್ ಅಳಿಸಿ. ಕಡತಕ್ಕೆ ಇಟ್ಟ ಹೆಸರಲ್ಲೂ ನಿಮ್ಮ ಹೆಸರು ಇರದಿರಲಿ.

ಕಳಿಸುವುದು, ಆಮೇಲಿನದು

ಸಂಪಾದಕರಿಗೆ ಬರೆಯುವ ಪತ್ರ ಒಂದು ಪುಟ ಮೀರಬಾರದು. ಹೊಸದೇನು ಸಿಕ್ಕಿದೆ, ಈ ಜರ್ನಲ್‌ನ ಓದುಗರಿಗೆ ಅದು ಯಾಕೆ ಬೇಕು, ಬೇರೆಲ್ಲೂ ಏಕಕಾಲಕ್ಕೆ ಕಳಿಸಿಲ್ಲ ಎಂಬ ಮೂರು ಮಾತು ಅದರಲ್ಲಿದ್ದರೆ ಸಾಕು. ಹಿತಾಸಕ್ತಿ ಸಂಘರ್ಷ, ಅನುದಾನ, ದತ್ತಾಂಶ ಎಲ್ಲಿ ಸಿಗುತ್ತದೆ, ಎಐ ಸಾಧನ ಬಳಸಿದ್ದರೆ ಯಾವುದಕ್ಕೆ ಎಂಬ ಹೇಳಿಕೆಗಳನ್ನು ಮೊದಲೇ ಸಿದ್ಧವಾಗಿಡಿ. ಜರ್ನಲ್‌ನ ತಾಣವು ಕಡತಗಳನ್ನೆಲ್ಲ ಜೋಡಿಸಿ ಕೊಡುವ ಪಿಡಿಎಫ್ ಅನ್ನು ಕೊನೆಯ ಪುಟದವರೆಗೂ ತೆರೆದು ನೋಡಿದ ಮೇಲಷ್ಟೇ ‘ಅಪ್ರೂವ್’ ಒತ್ತಿ. ಕನ್ನಡ ಅಕ್ಷರಗಳು ಚೌಕಗಳಾಗುವುದು, ಸಮೀಕರಣ ಮಾಯವಾಗುವುದು ಅಲ್ಲಿಯೇ ಗೊತ್ತಾಗುತ್ತದೆ.

ಅಂಗೀಕಾರವಾದ ಮೇಲೆ ಪ್ರೂಫ್ (ಪ್ರಕಟಣೆಗೆ ಮುನ್ನ ತಿದ್ದಲು ಕಳಿಸುವ ಪುಟಗಳು) ಬರುತ್ತದೆ. ತಿದ್ದಿ ಕಳಿಸಲು ಕೆಲವೊಮ್ಮೆ ಎರಡೇ ದಿನ ಕೊಡುತ್ತಾರೆ. ಹೆಸರುಗಳ ಕಾಗುಣಿತ, ವಿಳಾಸ, ಕೋಷ್ಟಕದ ಪ್ರತಿ ಅಂಕಿ, ಚಿತ್ರ ಮತ್ತು ಅದರ ವಿವರಣೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ. ಇಬ್ಬರು ಕೂತು, ಒಬ್ಬರು ಮೂಲ ಓದುತ್ತ ಇನ್ನೊಬ್ಬರು ಪ್ರೂಫ್ ನೋಡಿದರೆ ತಪ್ಪು ಬೇಗ ಸಿಗುತ್ತದೆ. ಪ್ರಕಟವಾದ ಮೇಲೆ ಒಂದು ದಶಮಾಂಶ ಬಿಂದು ಸರಿಪಡಿಸಬೇಕಾದರೂ ಪ್ರತ್ಯೇಕ ತಿದ್ದುಪಡಿ ಪ್ರಕಟಣೆಯೇ ಬೇಕಾಗುತ್ತದೆ.